ಹಳೆಯ ಕಾರಿಗೊಂದು ಅಭ್ಯಂಜನ



ಮುಂಬಯಿಯಲ್ಲಿ ನಾವು ವಾಸಿಸುವ ಕಟ್ಟಡದ ಹಿಂಬದಿಯಲ್ಲಿ, ಕಾಡುಬಾದಾಮಿಯ ಮರವೊಂದರ ಅಡಿಯಲ್ಲಿ, ಸುಮಾರು ಒಂಬತ್ತು ವರ್ಷಗಳಿಂದ ಒಂದು ಕಾರು ನಿಂತಿತ್ತು. ಅದರ ಬಣ್ಣ ಯಾವುದೆಂದು ಕೇಳಿದರೆ ಒಬ್ಬರು ಬೂದಿ ಎನ್ನುತ್ತಿದ್ದರು; ಇನ್ನೊಬ್ಬರು ಮಣ್ಣು ಎನ್ನುತ್ತಿದ್ದರು. ಗಾಜಿನ ಮೇಲೆ ಎಲೆಗಳು ಕೊಳೆತು ಅಂಟಿದ್ದುವು. ಕಾಗೆಗಳ ಹಿಕ್ಕೆ ಛಾವಣಿಯ ಮೇಲೆ ಸುಣ್ಣದ ಪಟ್ಟೆಗಳನ್ನು ಬರೆದಿತ್ತು. ನಾಲ್ಕು ಚಕ್ರಗಳಲ್ಲಿಯೂ ಗಾಳಿ ಇಳಿದು, ಕಾರು ನೆಲದಲ್ಲಿ ಬೇರು ಬಿಟ್ಟಂತೆ ಕಾಣುತ್ತಿತ್ತು. ಕ್ರಿಕೆಟ್ ಆಡುವ ಹುಡುಗರಿಗೆ ಅದು ವಿಕೆಟ್ಟಿನ ಹಿಂದಿನ ಗೋಡೆಯಾಗಿತ್ತು.

ಕಾರಿನ ಒಡೆಯರು ನಮ್ಮ ಕಟ್ಟಡದ ಹಿರಿಯರು. ಕುಂದಾಪುರದ ಕಡೆಯಿಂದ ಹುಡುಗರಾಗಿರುವಾಗಲೇ ಈ ನಗರಕ್ಕೆ ಬಂದು, ಹೋಟೆಲಿನಲ್ಲಿ ದುಡಿದು, ಕೊನೆಗೆ ತಮ್ಮದೇ ಒಂದು ಉಪಾಹಾರ ಗೃಹವನ್ನು ನಡೆಸಿದವರು. ಅವರನ್ನು ನಾವೆಲ್ಲ ‘ರಾಯರು’ ಎಂದೇ ಕರೆಯುತ್ತೇವೆ. ೨೦೨೪ರ ದೀಪಾವಳಿಗೆ ಸ್ವಲ್ಪ ಮುಂಚೆ ಕಟ್ಟಡದ ಸೊಸೈಟಿಯವರು ಅವರಿಗೊಂದು ಕಾಗದ ಕೊಟ್ಟರು: ಡಿಸೆಂಬರ್ ತಿಂಗಳು ಮುಗಿಯುವುದರೊಳಗಾಗಿ ಆ ವಾಹನವನ್ನು ಅಲ್ಲಿಂದ ತೆಗೆಯಬೇಕು. ಗುಜರಿಯವನು ಬಂದು ನೋಡಿ, ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟಿ ಹೋದನು. ಅಂದು ಸಂಜೆ ಮೆಟ್ಟಿಲಿನಲ್ಲಿ ಎದುರಾದ ರಾಯರು ನಮ್ಮೊಡನೆ ಹೀಗೆಂದರು: “ಮಾಸ್ತರೇ, ಕೊಡುವುದಾದರೆ ಕೊಡುತ್ತೇನೆ. ಆದರೆ ಇಷ್ಟು ಕೊಳೆಯ ಸಮೇತ ಕಳುಹಿಸಲಿಕ್ಕೆ ಮನಸ್ಸು ಬರುವುದಿಲ್ಲ. ಅದರ ನೀಲಿ ಬಣ್ಣವನ್ನು ಒಮ್ಮೆ ನೋಡಬೇಕೆಂದಿದೆ.”

ಈ ಮಾತಿನಿಂದಾಗಿ ನಾವು ಆ ಕೆಲಸಕ್ಕೆ ಕೈ ಹಾಕಿದೆವು. ನಮಗೆ ಅದರ ಗಂಧವೂ ಇರಲಿಲ್ಲ. ಇದೇ ಕಟ್ಟಡದಲ್ಲಿರುವ ನಮ್ಮ ಶಾಲೆಯ ಮೂವರು ವಿದ್ಯಾರ್ಥಿಗಳು, ಇಬ್ಬರು ಹುಡುಗರು ಮತ್ತು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಮನೆಯವರ ಒಪ್ಪಿಗೆ ಪಡೆದು ಜೊತೆಗೂಡಿದರು. ದೀಪಾವಳಿಯ ರಜೆಯೂ ಅನಂತರದ ಕೆಲವು ಭಾನುವಾರಗಳೂ ಇದರಲ್ಲಿ ಕಳೆದುವು. ಇಂದಿನ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ‘ಡಿಟೇಲಿಂಗ್’ ಎಂಬ ಹೆಸರುಂಟು. ವಾಹನವನ್ನು ಸುಮ್ಮನೆ ತೊಳೆಯದೆ, ಅದರ ಅಂಗಾಂಗಗಳನ್ನು ಒಂದೊಂದಾಗಿ ಶುದ್ಧಮಾಡಿ, ಬಣ್ಣದ ಕಾಂತಿಯನ್ನು ಮರಳಿ ತಂದು, ಅದು ಉಳಿಯುವಂತೆ ಕಾಪಿಡುವುದೇ ಡಿಟೇಲಿಂಗ್. ನಾವು ಕಲಿತುದನ್ನೂ ಕೆಡಿಸಿದುದನ್ನೂ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾರಿನ ಪೂರ್ವಚರಿತ್ರೆ

ಈ ಕಾರು ‘ಪ್ರೀಮಿಯರ್ ಪದ್ಮಿನಿ’, ೧೯೮೪ರಲ್ಲಿ ಕೊಂಡದ್ದು. ವಾಲಚಂದ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯು ಇದೇ ಮುಂಬಯಿಯ ಕುರ್ಲಾದ ಕಾರಖಾನೆಯಲ್ಲಿ ಇಟಲಿಯ ಫಿಯಟ್ ಮಾದರಿಯ ಕಾರುಗಳನ್ನು ತಯಾರಿಸುತ್ತಿತ್ತು. ೧೯೬೪ರಲ್ಲಿ ಬಂದ ‘ಫಿಯಟ್ ೧೧೦೦ ಡಿಲೈಟ್’ ಎಂಬುದೇ ಮುಂದೆ ಎಪ್ಪತ್ತರ ದಶಕದಲ್ಲಿ ಚಿತ್ತೋಡಿನ ರಾಣಿಯ ಹೆಸರನ್ನು ಹೊತ್ತು ‘ಪದ್ಮಿನಿ’ಯಾಯಿತು. ನಾಲ್ಕು ಸಿಲಿಂಡರಿನ, ೧೦೮೯ ಘನ ಸೆಂಟಿಮೀಟರಿನ ಎಂಜಿನು. ಗೇರಿನ ಹಿಡಿಯು ನೆಲದಲ್ಲಿರದೆ ಸ್ಟಿಯರಿಂಗಿನ ಕಂಬದ ಮೇಲಿರುವುದು ಇದರ ವಿಶೇಷ.

ಈ ನಗರದ ಕಪ್ಪು-ಹಳದಿ ಟ್ಯಾಕ್ಸಿಯೆಂದರೆ ಬಹುಕಾಲ ಪದ್ಮಿನಿಯೇ ಆಗಿತ್ತು. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿಯು ತಾಡದೇವದ ಸಾರಿಗೆ ಕಚೇರಿಯಲ್ಲಿ ೨೦೦೩ರ ಅಕ್ಟೋಬರ್ ೨೯ರಂದು ನೋಂದಣಿಯಾಯಿತು. ಇಲ್ಲಿ ಟ್ಯಾಕ್ಸಿಗೆ ೨೦ ವರ್ಷದ ವಯೋಮಿತಿ ಇದ್ದುದರಿಂದ ೨೦೨೩ರ ಅಕ್ಟೋಬರ್ ೩೦ರಿಂದ ಪದ್ಮಿನಿ ಟ್ಯಾಕ್ಸಿಗಳು ಅಧಿಕೃತವಾಗಿ ಇಲ್ಲವಾದುವು. ಆದುದರಿಂದ ನಮ್ಮ ಹಿತ್ತಿಲಿನಲ್ಲಿ ಕೊಳೆಯುತ್ತಿದ್ದುದು ಒಂದು ಹಳೆಯ ಕಾರು ಮಾತ್ರವಲ್ಲ; ನಿಮ್ಮ ತಂದೆತಾಯಿಗಳು ಕಂಡ ಮುಂಬಯಿಯ ಒಂದು ತುಣುಕೂ ಹೌದು.

ಮೊದಲ ತಪ್ಪು

ಮೊದಲ ದಿನ ನಾವು ಉತ್ಸಾಹದಿಂದ ಹಳೆಯ ಪಂಚೆಯ ತುಂಡೊಂದನ್ನು ತೆಗೆದುಕೊಂಡು ಬಾನೆಟ್ಟಿನ ಧೂಳನ್ನು ಒಣಗಿದ್ದಂತೆಯೇ ಒರಸಿದೆವು. ಧೂಳೇನೋ ಹೋಯಿತು. ಆದರೆ ಬಿಸಿಲು ಬಿದ್ದಾಗ ನೋಡಿದರೆ, ಒರಸಿದ ಕಡೆಯಲ್ಲೆಲ್ಲ ಕೂದಲೆಳೆಯಂಥ ಗೀರುಗಳು! ಕಾರಣ ಸರಳವಾದುದು. ನಗರದ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಮರಳು ಎಂದರೆ ಬಹುಮಟ್ಟಿಗೆ ಸ್ಫಟಿಕಶಿಲೆಯ ಪುಡಿ. ಅದು ಗಾಜನ್ನೂ ಗೀರಬಲ್ಲುದು. ಅಂಥ ಕಣಗಳನ್ನು ಬಟ್ಟೆಯ ಕೆಳಗಿಟ್ಟು ಒತ್ತಿ ಎಳೆದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಶುಚಿಮಾಡುತ್ತಿದ್ದೇವೆಂದು ತಿಳಿದು ನಾವು ಗಾಯಮಾಡುತ್ತಿದ್ದೆವು.

ಆ ಸಂಜೆ ಪಂಚೆಯನ್ನು ಬದಿಗಿಟ್ಟು, ಈ ವಿಷಯವನ್ನು ಬಲ್ಲ ಒಬ್ಬ ಮೆಕ್ಯಾನಿಕ್ಕನನ್ನು ಕಂಡು ವಿಚಾರಿಸಿದೆವು. ಆತನು ಹೇಳಿದ ಮಾತಿನ ಸಾರವೆಂದರೆ: ಎಲ್ಲಕ್ಕಿಂತ ಸೌಮ್ಯವಾದ ಉಪಾಯವನ್ನು ಮೊದಲು ಮಾಡಿ ನೋಡಬೇಕು, ಅದು ಸಾಲದೆ ಹೋದರೆ ಮಾತ್ರ ಮುಂದಿನದಕ್ಕೆ ಹೋಗಬೇಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. ಅಲ್ಲಿಂದ ಮುಂದಿನ ನಮ್ಮ ಕೆಲಸಕ್ಕೆಲ್ಲ ಇದೇ ಸೂತ್ರವಾಯಿತು.

ತೊಳೆಯುವ ಕ್ರಮ

ಕಾರನ್ನು ಬಿಸಿಲಿನಲ್ಲಿ ತೊಳೆಯತಕ್ಕದ್ದಲ್ಲ. ಕಾದ ತಗಡಿನ ಮೇಲೆ ಸಾಬೂನುನೀರು ಬೇಗನೆ ಆರಿ ಕಲೆ ನಿಲ್ಲುತ್ತದೆ. ನಾವು ಬೆಳಿಗ್ಗೆ ನೀರು ಬರುವ ಹೊತ್ತಿನಲ್ಲಿ ಬಕೆಟುಗಳನ್ನು ತುಂಬಿಟ್ಟುಕೊಂಡು ನೆರಳಿನಲ್ಲಿ ಕೆಲಸ ಮಾಡಿದೆವು. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ತಂತಿಯನ್ನು ಮೆಕ್ಯಾನಿಕ್ಕನಿಂದಲೇ ಬಿಚ್ಚಿಸಿದೆವು. ಬಳಿಕ ಕೊಳೆತ ಎಲೆಗಳನ್ನು ಕೈಯಿಂದ ಹೆಕ್ಕಿ, ಗಾಜಿನ ಕೆಳಗಿನ ಸಂದುಗಳಲ್ಲಿ ತುಂಬಿದ್ದ ಮಣ್ಣನ್ನು ಮೃದುವಾದ ಕುಂಚದಿಂದ ತೆಗೆದೆವು. ಈ ಸಂದುಗಳೇ ಮಳೆನೀರು ಹರಿದುಹೋಗುವ ದಾರಿ. ಅವು ಕಟ್ಟಿಕೊಂಡರೆ ನೀರು ಅಲ್ಲಿಯೇ ನಿಂತು ಕಬ್ಬಿಣವನ್ನು ತಿನ್ನುತ್ತದೆ.

ಅನಂತರ ಒರಸದೆ, ಮುಟ್ಟದೆ, ಮೇಲಿನಿಂದ ನೀರನ್ನು ಧಾರೆಯಾಗಿ ಸುರಿದೆವು. ಹೀಗೆ ಸಡಿಲವಾದ ಮರಳು ತಾನಾಗಿಯೇ ಜಾರಿಹೋಗುತ್ತದೆ. ಆ ಮೇಲೆ ಎರಡು ಬಕೆಟುಗಳ ಪದ್ಧತಿ: ಒಂದರಲ್ಲಿ ಕಾರು ತೊಳೆಯುವ ಸೌಮ್ಯವಾದ ಸಾಬೂನಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಸಾಬೂನುನೀರಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆಯುವುದು. ಕೊಳೆಯಾದ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸುವುದು. ಮತ್ತೆ ಸಾಬೂನಿಗೆ ಅದ್ದುವುದು. ಒಂದೇ ಬಕೆಟಾದರೆ ಕಾರಿನಿಂದ ತೆಗೆದ ಮರಳನ್ನು ಮತ್ತೆ ಕಾರಿಗೇ ಉಜ್ಜಿದಂತಾಗುವುದು. ನಮ್ಮ ವಿದ್ಯಾರ್ಥಿನಿಯು ಮನೆಯಿಂದ ಒಂದು ಹಳೆಯ ಪ್ಲಾಸ್ಟಿಕ್ ಜರಡಿಯನ್ನು ತಂದು ಜಾಲಿಸುವ ಬಕೆಟಿನ ತಳದಲ್ಲಿ ಮಗುಚಿಟ್ಟಳು. ಮರಳು ಅದರ ತೂತುಗಳಿಂದ ಕೆಳಗಿಳಿದು ಅಲ್ಲಿಯೇ ಉಳಿಯಿತು. ಬಟ್ಟೆ ಅದನ್ನು ಮುಟ್ಟಲಿಲ್ಲ. ಇದಕ್ಕೆಂದೇ ಮಾಡಿದ ಜಾಲರಿ ಅಂಗಡಿಯಲ್ಲಿ ದೊರೆಯುತ್ತದೆಯೆಂದು ನಮಗೆ ತಿಳಿದದ್ದು ಆ ಮೇಲೆ.

ತೊಳೆಯುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ: ಛಾವಣಿ, ಗಾಜು, ಬಾನೆಟ್ಟು, ಬಾಗಿಲು, ಕೊನೆಗೆ ಚಕ್ರ. ಏಕೆಂದರೆ ಕೆಳಭಾಗದಲ್ಲಿ ಕೊಳೆ ಹೆಚ್ಚು. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಮೈಗೆ ಮುಟ್ಟಿಸಬಾರದು. ಹಿಕ್ಕೆ ಒಣಗಿ ಗಟ್ಟಿಯಾದಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಅದು ನೆನೆದು ತಾನೇ ಬಿಡುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದ್ದು, ಅದು ಬಿಸಿಲಿನಲ್ಲಿ ಬಣ್ಣವನ್ನು ಕೊರೆಯುತ್ತದೆ. ಬಹುದಿನ ಉಳಿದರೆ ಹಿಕ್ಕೆ ಹೋದರೂ ಅದರ ಗುರುತು ಹೋಗದು. ನಮ್ಮ ಕಾರಿನ ಛಾವಣಿಯಲ್ಲಿ ಅಂಥ ಗುರುತುಗಳು ಇಂದಿಗೂ ಇವೆ.

ಬಣ್ಣ ಬಿಳಿಚಿದುದು ಏಕೆ?

ತೊಳೆದಾಗ, ಒದ್ದೆಯಾಗಿದ್ದಷ್ಟು ಹೊತ್ತು ಕಾರು ನೀಲಿಯಾಗಿ ಹೊಳೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಕಿಟಕಿಯಿಂದ ನೋಡುತ್ತಿದ್ದ ರಾಯರು ಕೆಳಗಿಳಿದು ಬಂದರು. ಆದರೆ ಅವರು ಬರುವಷ್ಟರಲ್ಲಿ ನೀರು ಆರಿ, ಮೈಯೆಲ್ಲ ಮತ್ತೆ ಸೀಮೆಸುಣ್ಣ ಬಳಿದಂತೆ ಬಿಳಿಚಿತು. ಅವರು ಏನೂ ಹೇಳದೆ ಹಿಂದಿರುಗಿದರು. ಆ ಹೊತ್ತಿನಲ್ಲಿ ನಮಗೂ ನಿರಾಶೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಇದರ ಕಾರಣವನ್ನು ನಿಮ್ಮ ವಿಜ್ಞಾನದ ಪಾಠದಿಂದಲೇ ತಿಳಿಯಬಹುದು. ಬಣ್ಣವೆಂದರೆ ಎರಡು ವಸ್ತುಗಳ ಕೂಟ: ಒಂದು ವರ್ಣದ ಪುಡಿ, ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಮೇಲುಪದರದ ಅಂಟನ್ನು ವರ್ಷಗಟ್ಟಲೆ ಮುರಿಯುತ್ತ ಬರುತ್ತವೆ. ಆಗ ಪುಡಿ ಸಡಿಲಗೊಂಡು ಮೈ ಒರಟಾಗುತ್ತದೆ. ನುಣುಪಾದ ಮೈಯಿಂದ ಬೆಳಕು ಕನ್ನಡಿಯಿಂದ ಬಂದಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಒರಟಾದ ಮೈಯಿಂದ ಹತ್ತು ದಿಕ್ಕಿಗೆ ಚದರುತ್ತದೆ. ಚದರಿದ ಬೆಳಕು ಕಣ್ಣಿಗೆ ಬಿಳುಪಾಗಿ ತೋರುತ್ತದೆ. ನೀರು ಸುರಿದಾಗ ಅದು ಸೂಕ್ಷ್ಮವಾದ ಕುಳಿಗಳನ್ನು ತುಂಬಿ ಮೈಯನ್ನು ಸಮಮಾಡುವುದರಿಂದ ಹೊಳಪು ಬಂದಂತೆ ಕಾಣುವುದು. ಹೀಗೆ ಕಂಡರೆ ಅದು ಒಳ್ಳೆಯ ಲಕ್ಷಣ: ಕೆಳಗೆ ಜೀವವಿರುವ ಬಣ್ಣ ಉಳಿದಿದೆಯೆಂದು ಅರ್ಥ.

ಈಗಿನ ಕಾರುಗಳಲ್ಲಿ ವರ್ಣದ ಪದರದ ಮೇಲೆ ಪಾರದರ್ಶಕವಾದ ಇನ್ನೊಂದು ಪದರವಿರುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ, ಬಣ್ಣವೇ ಮೈ. ಇದನ್ನು ಪರೀಕ್ಷಿಸುವ ಬಗೆ ಸುಲಭ. ಎದ್ದು ಕಾಣದ ಕಡೆಯಲ್ಲಿ ಸ್ವಲ್ಪ ಪಾಲಿಶನ್ನು ಬಿಳಿಯ ಬಟ್ಟೆಯಿಂದ ಉಜ್ಜಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಒಂದೇ ಪದರದ್ದೆಂದು ತಿಳಿಯಬೇಕು. ನಮ್ಮ ಬಟ್ಟೆ ನೀಲಿಯಾಯಿತು.

ಹಾಗಾದರೆ ಮೂಲದ ಬಣ್ಣ ಎಂಥದು? ಅದನ್ನು ನೋಡಬೇಕಾದರೆ ಬಿಸಿಲು ತಾಕದ ಸ್ಥಳವನ್ನು ಹುಡುಕಬೇಕು. ಬಾಗಿಲು ತೆರೆದಾಗ ಮಾತ್ರ ಕಾಣುವ ಒಳ ಅಂಚು ಅಂಥ ಸ್ಥಳ. ಹಿಂಬದಿಯ ಎಡಬಾಗಿಲಿನ ಆ ಅಂಚನ್ನು ಒರಸಿದಾಗ ಕಡುನೀಲಿ ಬಣ್ಣ, ಹೊಸದರಂತೆ, ಕಣ್ಣಿಗೆ ಬಿತ್ತು. ಅದರ ಮೇಲೆ ಯಾರೋ ಸೂಜಿಯಿಂದ ಗೀರಿದ ಮೂರು ಅಕ್ಷರಗಳಿದ್ದುವು: ಅ, ಆ, ಇ. ‘ಇ’ಕಾರ ತಿರುವುಮುರುವಾಗಿತ್ತು. ಆಗ ನಾವು ಅದನ್ನು ಕುರಿತು ಹೆಚ್ಚು ಯೋಚಿಸಲಿಲ್ಲ.

ಜೇಡಿಯ ಉಪಯೋಗ

ತೊಳೆದ ಮೇಲೂ ಮೈಯನ್ನು ಸವರಿದರೆ ಬೆರಳಿಗೆ ರವೆಯಂತೆ ತಡೆಯುತ್ತಿತ್ತು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇವು ಬಣ್ಣದೊಳಗೆ ನಾಟಿಕೊಂಡ ಕಣಗಳು: ಮರದ ಅಂಟು, ಕಾರಖಾನೆಯ ಮಸಿ, ಮತ್ತು ಕಬ್ಬಿಣದ ಪುಡಿ. ರೈಲಿನ ಚಕ್ರಗಳೂ ಬ್ರೇಕುಗಳೂ ಉಜ್ಜಿದಾಗಲೆಲ್ಲ ಕಬ್ಬಿಣದ ಸೂಕ್ಷ್ಮ ಪುಡಿ ಗಾಳಿಗೆ ಏಳುತ್ತದೆ. ನಮ್ಮ ಕಟ್ಟಡ ಲೋಕಲ್ ರೈಲಿನ ಹಳಿಯ ಸಮೀಪದಲ್ಲಿದೆಯಷ್ಟೆ.

ಇದಕ್ಕಾಗಿ ‘ಕ್ಲೇ ಬಾರ್’ ಎಂಬ ಜೇಡಿಯಂಥ ವಸ್ತು ಅಂಗಡಿಯಲ್ಲಿ ದೊರೆಯುತ್ತದೆ. ಅದನ್ನು ಚಪ್ಪಟೆಯಾಗಿ ತಟ್ಟಿ, ಸಾಬೂನುನೀರು ಚಿಮುಕಿಸಿ, ಒತ್ತದೆ ಹಗುರವಾಗಿ ಹಿಂದಕ್ಕೂ ಮುಂದಕ್ಕೂ ಜಾರಿಸಬೇಕು. ಮೇಲೆದ್ದ ಕಣಗಳನ್ನು ಅದು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಕೊಳೆಯಾದಂತೆ ಮಡಿಸಿ ಹೊಸ ಮೈಯನ್ನು ಹೊರತೆಗೆಯಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆದುಬಿಡಬೇಕು. ತೊಳೆದು ಬಳಸುವ ಜಿಪುಣತನ ಸಲ್ಲದು, ಅಂಟಿದ ಮರಳು ಬಿಡುವುದಿಲ್ಲ. ಒಂದು ಭಾನುವಾರವೆಲ್ಲ ಇದರಲ್ಲಿಯೇ ಕಳೆಯಿತು. ಸಂಜೆಗೆ ಬಾನೆಟ್ಟು ಗಾಜಿನಂತೆ ನುಣುಪಾಯಿತು. ಬಣ್ಣ ಮಾತ್ರ ಇನ್ನೂ ಬಿಳಿಚಿಯೇ ಇತ್ತು.

ಉಜ್ಜುವುದು ಮತ್ತು ಎರಡನೆಯ ತಪ್ಪು

ಸತ್ತ ಮೇಲುಪದರವನ್ನು ತೆಗೆದು ಕೆಳಗಿನ ಬಣ್ಣವನ್ನು ಮೇಲಕ್ಕೆ ತರುವುದೇ ಪಾಲಿಶಿನ ಕೆಲಸ. ರಬ್ಬಿಂಗ್ ಕಾಂಪೌಂಡು, ಪಾಲಿಶು ಎಂಬ ಲೇಪಗಳಲ್ಲಿ ಅತಿ ನವುರಾದ ಗಟ್ಟಿ ಪುಡಿ ಇರುತ್ತದೆ. ಕಾಂಪೌಂಡು ಒರಟು, ಪಾಲಿಶು ನಯ. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಕಾರಿನ ಮೈಮೇಲಿನ ಎಲ್ಲ ಪದರಗಳು ಸೇರಿದರೂ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು, ಎಂದರೆ ನಿಮ್ಮ ಪುಸ್ತಕದ ಒಂದು ಹಾಳೆಯಷ್ಟು. ಪ್ರತಿಯೊಂದು ಸಲ ಉಜ್ಜಿದಾಗಲೂ ಆ ಹಾಳೆಯನ್ನು ಸ್ವಲ್ಪ ಸವೆಯಿಸುತ್ತೇವೆ. ಸವೆದುದು ಮತ್ತೆ ಬೆಳೆಯುವುದಿಲ್ಲ.

ಆದುದರಿಂದ ಮೊದಲು ಡಿಕ್ಕಿಯ ಮುಚ್ಚಳದ ಮೇಲೆ ಒಂದು ಅಡಿ ಚೌಕವನ್ನು ಕಾಗದದ ಟೇಪಿನಿಂದ ಗುರುತಿಸಿ, ಅಲ್ಲಿ ನಯವಾದ ಪಾಲಿಶನ್ನೇ ಪ್ರಯೋಗಿಸಿದೆವು. ಅಡ್ಡಲಾಗಿ ಒಮ್ಮೆ, ನೇರವಾಗಿ ಒಮ್ಮೆ, ಹೀಗೆ ಸಮನಾಗಿ ಉಜ್ಜಿ ಒರಸಿದಾಗ, ಆ ಚೌಕದೊಳಗಿನಿಂದ ಕಡುನೀಲಿ ಬಣ್ಣ ಕಿಟಕಿ ತೆರೆದಂತೆ ಕಾಣಿಸಿತು. ಸುತ್ತಲೂ ಬೂದಿ, ನಡುವೆ ನೀಲಿ! ಈ ಸಲ ನಾವೇ ಮೇಲೆ ಹೋಗಿ ರಾಯರನ್ನು ಕರೆತಂದೆವು. ಅವರು ಬಹಳ ಹೊತ್ತು ನೋಡಿ, ಬೆರಳಿನಿಂದ ಮುಟ್ಟಿ, “ಇದೇ, ಇದೇ ಬಣ್ಣ” ಎಂದರು.

ಈ ಜಯವೇ ನಮ್ಮನ್ನು ಕೆಡಿಸಿತು. ಕೆಲಸ ಬೇಗ ಮುಗಿಯಲೆಂದು ಬಾನೆಟ್ಟಿಗೆ ಒರಟಾದ ಕಾಂಪೌಂಡನ್ನು ಹಚ್ಚಿ, ಬಲವನ್ನೆಲ್ಲ ಹಾಕಿ ಉಜ್ಜತೊಡಗಿದೆವು. ಸ್ವಲ್ಪ ಹೊತ್ತಿನಲ್ಲಿ ವಿದ್ಯಾರ್ಥಿನಿಯು, “ಸರ್, ಬಟ್ಟೆಗೆ ನೀಲಿ ಬರುವುದು ನಿಂತಿದೆ, ಬೂದು ಬರುತ್ತಿದೆ” ಎಂದಳು. ನೋಡಿದರೆ ಬಾನೆಟ್ಟಿನ ಏಣಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟಗಲ ಬಣ್ಣ ಪೂರ್ತಿ ಹೋಗಿ ಕೆಳಗಿನ ಪ್ರೈಮರು ಕಾಣುತ್ತಿತ್ತು. ಏಣುಗಳಲ್ಲಿಯೂ ಅಂಚುಗಳಲ್ಲಿಯೂ ಬಣ್ಣ ಸ್ವಭಾವತಃ ತೆಳು. ಹಸಿಯಾಗಿರುವಾಗ ಅದು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಮೇಲಾಗಿ ಕೈಯ ಒತ್ತಡವೆಲ್ಲ ಆ ಕಿರಿದಾದ ಗೆರೆಯ ಮೇಲೆಯೇ ಬೀಳುತ್ತದೆ. ಏಣುಗಳಿಗೆ ಮೊದಲೇ ಟೇಪು ಅಂಟಿಸಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ.

ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಳ್ಳಿರೆಂದು ನಿಮಗೆ ಹೇಳುವವರು ನಾವು. ಆದರೆ ಮೂರು ಮಹಡಿ ಹತ್ತಿ ರಾಯರ ಬಾಗಿಲಿನ ಗಂಟೆಯನ್ನು ಒತ್ತುವಾಗ ನಮ್ಮ ಕೈ ಹಿಂಜರಿಯಿತು. ಅವರು ಕೆಳಗೆ ಬಂದು ನೋಡಿ, “ಮಾಸ್ತರೇ, ಒಂಬತ್ತು ವರ್ಷ ಮಳೆಯಲ್ಲಿ ಬಿಟ್ಟವನು ನಾನು. ನೀವು ಒಂದು ನಾಣ್ಯದಷ್ಟು ತಪ್ಪು ಮಾಡಿದಿರಿ. ಲೆಕ್ಕ ನೋಡಿದರೆ ಯಾರದು ಹೆಚ್ಚು?” ಎಂದರು. ಆ ಜಾಗಕ್ಕೆ ಅನಂತರ ಹೊಂದಿಕೆಯಾಗುವ ನೀಲಿಯನ್ನು ಸಣ್ಣ ಕುಂಚದಿಂದ ಮುಟ್ಟಿಸಿದೆವು. ದೂರದಿಂದ ಕಾಣದು; ಹತ್ತಿರದಿಂದ ಕಾಣುತ್ತದೆ. ಕಾಣಲಿ ಎಂದೇ ಬಿಟ್ಟಿದ್ದೇವೆ.

ಉಳಿದ ಭಾಗವನ್ನೆಲ್ಲ ನಯವಾದ ಪಾಲಿಶಿನಿಂದ ನಿಧಾನವಾಗಿ ಮುಗಿಸಿದೆವು. ಮೂರು ಭಾನುವಾರ ಹಿಡಿಯಿತು. ಆಳವಾದ ಗೀರುಗಳನ್ನು ಹಾಗೆಯೇ ಬಿಟ್ಟೆವು. ಅವನ್ನು ತೆಗೆಯಲು ಹೋದರೆ ಗೀರಿನ ತಳದವರೆಗೂ ಸುತ್ತಲಿನ ಬಣ್ಣವನ್ನು ಸವೆಯಿಸಬೇಕಾಗುತ್ತದೆ. ಗೀರು ಹೋಗುವ ಮುನ್ನ ಬಣ್ಣವೇ ಹೋದೀತು.

ತುಕ್ಕು ಮತ್ತು ಕ್ರೋಮಿಯಂ

ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಅಲ್ಲಲ್ಲಿ ಗುಳ್ಳೆಯೆದ್ದಿತ್ತು. ಕಬ್ಬಿಣ, ನೀರು, ಆಮ್ಲಜನಕ ಈ ಮೂರು ಸೇರಿದರೆ ತುಕ್ಕು. ಕಡಲಿನ ಗಾಳಿಯ ಉಪ್ಪು ನೀರನ್ನು ಉತ್ತಮ ವಿದ್ಯುದ್ವಾಹಕವನ್ನಾಗಿ ಮಾಡಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಅದು ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಗುಳ್ಳೆಯ ಮೇಲೆ ಪಾಲಿಶು ಹಚ್ಚಿ ಪ್ರಯೋಜನವಿಲ್ಲ. ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಅಂದೇ ಪ್ರೈಮರು ಹಚ್ಚಿ, ಒಣಗಿದ ಬಳಿಕ ಬಣ್ಣ ಕೊಡಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಆದಕಾರಣ ಒಣಗಿದ್ದಂತೆ ಉಜ್ಜಬಾರದು. ಒದ್ದೆಮಾಡಿಕೊಂಡು, ಮೂಗಿಗೆ ಮುಖವಾಡವನ್ನೂ ಕೈಗೆ ಚೀಲವನ್ನೂ ಧರಿಸಿಯೇ ಉಜ್ಜತಕ್ಕದ್ದು. ಈ ಕೆಲಸವನ್ನು ನಾವು ಮಕ್ಕಳಿಗೆ ಕೊಡಲಿಲ್ಲ.

ಬಂಪರುಗಳು ಉಕ್ಕಿನವು, ಮೇಲೆ ಕ್ರೋಮಿಯಂ ಲೇಪ. ಅದರ ಮೇಲೆ ಕೆಂಪು ಚುಕ್ಕೆಗಳಿದ್ದುವು. ದೇವರ ದೀಪಕ್ಕೆ ಹುಣಸೆಹಣ್ಣು ಹಾಕಿ ಬೆಳಗುವಂತೆ ಇದಕ್ಕೂ ಹಾಕೋಣವೇ ಎಂದು ಹುಡುಗನೊಬ್ಬ ಕೇಳಿದ. ಪ್ರಶ್ನೆ ಒಳ್ಳೆಯದು, ಆದರೆ ಹಿತ್ತಾಳೆಗೆ ಒಗ್ಗುವ ಹುಳಿ, ಲೇಪದ ಬಿರುಕಿನಲ್ಲಿ ಉಳಿದರೆ ಒಳಗಿನ ಉಕ್ಕನ್ನು ತಿನ್ನುತ್ತದೆ. ಅಡಿಗೆಮನೆಯಲ್ಲಿ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆಮಾಡಿ, ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜಿದೆವು. ಅಲ್ಯುಮಿನಿಯಂ ಕ್ರೋಮಿಯಂಗಿಂತ ಮೃದುವಾದುದರಿಂದ ಗೀರುವುದಿಲ್ಲ; ತುಕ್ಕಿನ ಚುಕ್ಕೆಗಳು ಮಾತ್ರ ಎದ್ದುಹೋಗುತ್ತವೆ. ಕೊನೆಗೆ ಚೆನ್ನಾಗಿ ತೊಳೆದು ಒರಸಿದೆವು.

ಒಳಭಾಗ

ಬಾಗಿಲು ತೆರೆದಾಗ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಇಂಥಲ್ಲಿ ಸುವಾಸನೆಯ ಡಬ್ಬಿಯನ್ನು ತೂಗುಹಾಕುವುದು ಮೋಸ. ವಾಸನೆಯ ಮೂಲವನ್ನೇ ತೆಗೆಯಬೇಕು. ನೆಲದ ಹಾಸುಗಳನ್ನು ಹೊರತೆಗೆದು ಬಿಸಿಲಿಗೆ ಹಾಕಿದೆವು. ಹಾಸಿನ ಕೆಳಗೆ ನೀರು ನಿಂತು, ಚಾಲಕನ ಕಾಲಿನೆಡೆಯಲ್ಲಿ ತಗಡು ಅಂಗೈಯಗಲ ತೂತಾಗಿತ್ತು. ಹಿಂಬದಿಯ ಸೀಟಿನ ಕೆಳಗೆ ಇಲಿಯ ಗೂಡೊಂದಿತ್ತು. ಅದನ್ನು ಕೈಚೀಲ, ಮುಖವಾಡ ಹಾಕಿಕೊಂಡು, ಸೋಂಕುನಾಶಕದ ನೀರು ಚಿಮುಕಿಸಿ ತೆಗೆದೆವು. ರೆಕ್ಸಿನಿನ ಸೀಟುಗಳನ್ನು ಸೌಮ್ಯವಾದ ಸಾಬೂನುನೀರಿನಿಂದ, ಮೆತ್ತನೆಯ ಕುಂಚದಿಂದ, ಒಂದೊಂದು ಹೊಲಿಗೆಯ ಗುಂಟ ತಿಕ್ಕಿ, ಕೂಡಲೇ ಒಣಬಟ್ಟೆಯಿಂದ ಒರಸಿದೆವು. ಗಡಿಯಾರಗಳಿರುವ ಮುಂದಿನ ಹಲಗೆಗೆ ನೀರು ಸುರಿಯದೆ, ಹಿಂಡಿದ ಬಟ್ಟೆಯನ್ನಷ್ಟೇ ಬಳಸಿದೆವು.

ಸೀಟಿನ ಸಂದಿನಲ್ಲಿ ದೊರೆತ ವಸ್ತುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ರಾಯರಿಗೆ ಕೊಟ್ಟೆವು: ಹಳೆಯ ನಾಣ್ಯಗಳು, ಒಂದು ಹೇರ್‌ಪಿನ್ನು, ಪೆನ್ಸಿಲ್ಲಿನ ತುಂಡು. ಪೆನ್ಸಿಲ್ಲನ್ನು ನೋಡಿ ಅವರು ನಕ್ಕರು. ಆಗ ನಾವು ಬಾಗಿಲಿನ ಅಂಚಿನ ಅಕ್ಷರಗಳ ಮಾತೆತ್ತಿದೆವು. ಗೀರು ಆಳವಿಲ್ಲ, ಪಾಲಿಶಿನಿಂದ ಬಹುಶಃ ಹೋದೀತು, ತೆಗೆಯೋಣವೇ ಎಂದು ಕೇಳಿದೆವು. ರಾಯರು ಬಾಗಿಲನ್ನು ತೆರೆದು, ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ ನೋಡಿದರು. ಅವರ ಮಗಳು ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ವರ್ಷ, ದಾರಿಯಲ್ಲಿ ಹೋಟೆಲಿಗೆ ಸಾಮಾನು ಕೊಳ್ಳಲು ಅವರು ಕಾರು ನಿಲ್ಲಿಸಿದ್ದಾಗ, ಕಲಿತುದನ್ನು ಹೀಗೆ ಬರೆದಿಟ್ಟಿದ್ದಳಂತೆ. “ಹೊಸ ಕಾರು ಹಾಳುಮಾಡಿದೆಯೆಂದು ಅಂದು ಬೈದೆ. ಈಗ ಅವಳು ದೂರದ ದೇಶದಲ್ಲಿದ್ದಾಳೆ. ಅವಳ ಮಕ್ಕಳಿಗೆ ಈ ಮೂರು ಅಕ್ಷರವೂ ಬಾರದು. ಇರಲಿ ಬಿಡಿ, ಮಾಸ್ತರೇ” ಎಂದರು. ಮೈಯಲ್ಲಿರುವ ಗುರುತೆಲ್ಲ ಕೊಳೆಯಲ್ಲವೆಂಬುದನ್ನು ನಾವು ಅಂದು ಕಲಿತೆವು. ಆ ಅಂಚಿಗೆ ಪಾಲಿಶು ತಾಕಿಸಲಿಲ್ಲ. ಮೇಣವನ್ನು ಮಾತ್ರ ತೆಳ್ಳಗೆ ಸವರಿದೆವು.

ಮೇಣದ ರಕ್ಷೆ

ಪಾಲಿಶು ಬೇರೆ, ಮೇಣ ಬೇರೆ. ಪಾಲಿಶು ಮೈಯನ್ನು ಸವೆಯಿಸಿ ನಯಮಾಡುತ್ತದೆ. ಮೇಣ ಆ ನಯವನ್ನು ಬಿಸಿಲುಮಳೆಗಳಿಂದ ಕಾಯುತ್ತದೆ. ಇದಕ್ಕೆ ಹೆಸರಾದುದು ಕಾರ್ನೌಬ ಮೇಣ. ಅದನ್ನು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಗಳಿಂದ ತೆಗೆಯುತ್ತಾರೆ. ಮೊಂಬತ್ತಿಯ ಮೇಣ ಸುಮಾರು ೬೦ ಡಿಗ್ರಿಯೊಳಗೆ ಕರಗಿದರೆ, ಇದು ೮೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲಿನ ಶಾಖದಲ್ಲಿ ಕರಗುತ್ತದೆ. ಆದುದರಿಂದಲೇ ಬಿಸಿಲಿನಲ್ಲಿ ಕಾದ ತಗಡಿನ ಮೇಲೂ ನಿಲ್ಲುತ್ತದೆ. ಅತಿ ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಶುಭ್ರವಾದ ಬಟ್ಟೆಯಿಂದ ಒರಸಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ರಕ್ಷೆಯೆಂಬುದು ಭ್ರಮೆ. ಹೆಚ್ಚಾದುದು ಬಟ್ಟೆಗೆ ಹೋಗುತ್ತದೆ. ಮೇಣ ಶಾಶ್ವತವಲ್ಲ, ಕೆಲವು ತಿಂಗಳುಗಳಿಗೊಮ್ಮೆ ಮತ್ತೆ ಹಚ್ಚಬೇಕು. ನೀರು ಚಿಮುಕಿಸಿದಾಗ ಅದು ಕೆಸುವಿನ ಎಲೆಯ ಮೇಲಿನಂತೆ ಮುತ್ತುಗಳಾಗಿ ನಿಂತರೆ ರಕ್ಷೆಯಿದೆಯೆಂದೂ, ಹರಡಿ ಹಾಳೆಯಾದರೆ ತೀರಿದೆಯೆಂದೂ ತಿಳಿಯಬೇಕು.

ಕೊನೆಯ ಮಾತು

ಡಿಸೆಂಬರಿನ ಕೊನೆಯ ಭಾನುವಾರ ಕೆಲಸ ಮುಗಿಯಿತು. ಕಾರು ಹೊಸದಾಗಲಿಲ್ಲ. ಛಾವಣಿಯಲ್ಲಿ ಹಿಕ್ಕೆಯ ಗುರುತುಗಳು, ಬಾಗಿಲಿನಲ್ಲಿ ತೇಪೆಗಳು, ಏಣಿನ ಮೇಲೆ ನಮ್ಮ ನಾಣ್ಯದಗಲದ ತಪ್ಪು, ಎಲ್ಲವೂ ಇವೆ. ಆದರೆ ಅದು ನೀಲಿಯಾಗಿದೆ. ಸೊಸೈಟಿಯ ಸದಸ್ಯರು ಬಂದು ನೋಡಿ ಮತ್ತೆ ಮೂರು ತಿಂಗಳ ಅವಧಿಯನ್ನು ಕೊಟ್ಟರು. ಗುಜರಿಯವನು ಹೇಳಿದ ದಿನಕ್ಕೆ ಬಂದು ಬರಿಗೈಯಲ್ಲಿ ಹೋದನು. ಆ ಮೂರು ತಿಂಗಳಲ್ಲಿ ರಾಯರು ನೆಲದ ತಗಡಿಗೆ ಬೆಸುಗೆ ಹಾಕಿಸಿ, ಬಿಗಿದುಹೋಗಿದ್ದ ಬ್ರೇಕುಗಳನ್ನು ಮೆಕ್ಯಾನಿಕ್ಕನ ಕೈಗೊಪ್ಪಿಸಿದರು. ಬಹುಕಾಲ ನಿಂತ ವಾಹನವನ್ನು ಹೊಳಪು ಬಂತೆಂಬ ಮಾತ್ರಕ್ಕೆ ರಸ್ತೆಗಿಳಿಸುವುದು ಅಪಾಯ; ಬ್ರೇಕು, ಟಯರು, ಪೆಟ್ರೋಲಿನ ಕೊಳವೆ ಎಲ್ಲವನ್ನೂ ಬಲ್ಲವರು ನೋಡಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆಗೊಪ್ಪಿಸಿ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮವೂ ಉಂಟು. ಆ ಕಾರು ಮುಂದೆ ಓಡಿತೋ ಇಲ್ಲವೋ ಎಂಬುದು ಆ ತಪಾಸಣೆಯವರ ಕೈಯಲ್ಲಿದೆ. ರಾಯರಿಗೆ ಅದರ ಅವಸರವಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅವರೇ ಬಕೆಟು ಹಿಡಿದು ಕೆಳಗಿಳಿಯುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿ ಹಳೆಯ ಸೈಕಲ್ಲೋ ಸ್ಕೂಟರೋ ಮೂಲೆಯಲ್ಲಿ ಧೂಳು ತಿನ್ನುತ್ತಿರಬಹುದು. ಹಿರಿಯರ ಅಪ್ಪಣೆ ಪಡೆದು ಒಂದು ರಜಾದಿನ ಅದರ ಬಳಿ ಕುಳಿತು ನೋಡಿರಿ. ಒಣಗಿದ ಧೂಳನ್ನು ಒರಸಬೇಡಿರಿ. ಮೊದಲು ನೀರು ಹಾಕಿರಿ. ಸೌಮ್ಯವಾದುದರಿಂದ ಪ್ರಾರಂಭಿಸಿರಿ. ಒಂದು ಚೌಕದಲ್ಲಿ ಪರೀಕ್ಷಿಸದೆ ಮುಂದಕ್ಕೆ ಹೋಗಬೇಡಿರಿ. ತಪ್ಪಾದರೆ ಹೋಗಿ ಹೇಳಿರಿ. ಯಾವುದಾದರೂ ಗುರುತನ್ನು ಅಳಿಸುವ ಮುನ್ನ, ಅದು ಯಾರದೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ.